ಹೊರಗಿನವರ ಅಳತೆಗೆ ಒಂದು ಬಾಗಿಲು

ಒಂದು ದೇಶ ಎಲ್ಲಕ್ಕಿಂತ ಗುಟ್ಟಾಗಿ ಇಟ್ಟುಕೊಳ್ಳುವ ಯಂತ್ರಗಳಲ್ಲಿ ಸಬ್‌ಮರೀನ್ ಕೂಡ ಒಂದು. ಅದು ಈಗ ಯಾವ ಸಮುದ್ರದಲ್ಲಿದೆ, ಎಷ್ಟು ಆಳಕ್ಕೆ ಇಳಿಯಬಲ್ಲದು, ಅದರ ಪ್ರೊಪೆಲರ್ ಎಂಥ ಸದ್ದು ಮಾಡುತ್ತೆ, ಯಾವುದನ್ನೂ ಹೊರಗೆ ಹೇಳಲ್ಲ. ಒಳಗೆ ಕೆಲಸ ಮಾಡುವವರ ಮನೆಯವರಿಗೂ ಅವರು ಎಲ್ಲಿದ್ದಾರೆ ಅಂತ ಗೊತ್ತಿರಲ್ಲ. ಆದರೆ ಇಂಥ ಬಹಳಷ್ಟು ಯಂತ್ರಗಳ ಬೆನ್ನ ಮೇಲೆ, ಹ್ಯಾಚಿನ ಸುತ್ತ, ನುಣುಪಾದ ಚಪ್ಪಟೆ ಉಕ್ಕಿನ ಉಂಗುರದಂಥ ಒಂದು ಜಾಗ ಇರುತ್ತೆ. ಅದರ ಅಳತೆ ಮಾತ್ರ ಗುಟ್ಟಲ್ಲ. ನ್ಯಾಟೋ ದೇಶಗಳು ಅದಕ್ಕೆ ಒಂದು ಸ್ಟ್ಯಾಂಡರ್ಡ್ ಬರೆದಿಟ್ಟಿವೆ. ನ್ಯಾಟೋದ ಹೊರಗಿನ ಹಲವು ನೌಕಾಪಡೆಗಳೂ ಅದನ್ನೇ ಪಾಲಿಸುತ್ತವೆ.

ಆ ಉಂಗುರದ ಕೆಲಸ ಇಷ್ಟೆ. ಸಬ್‌ಮರೀನ್ ಮುಳುಗಿ ತಳದಲ್ಲಿ ಕೂತಿದೆ, ಒಳಗೆ ಜನ ಬದುಕಿದ್ದಾರೆ ಅಂದ್ಕೊಳ್ಳಿ. ಮೇಲಿನಿಂದ ಒಂದು ಪುಟ್ಟ ರಕ್ಷಣಾ ನೌಕೆ ಇಳಿದು ಬರುತ್ತೆ. ಅದರ ಹೊಟ್ಟೆಯ ಕೆಳಗೆ ಗಂಟೆಯಾಕಾರದ ಒಂದು ಭಾಗ ಇರುತ್ತೆ. ಅದು ಸರಿಯಾಗಿ ಆ ಉಂಗುರದ ಮೇಲೆ ಕೂರಬೇಕು. ಕೂತಮೇಲೆ ನಡುವೆ ಇರುವ ನೀರನ್ನು ಹೊರಗೆ ಹಾಕಿದರೆ, ಸುತ್ತಲಿನ ಸಮುದ್ರದ ಒತ್ತಡವೇ ಎರಡನ್ನೂ ಗಟ್ಟಿಯಾಗಿ ಅಮುಕಿ ಹಿಡಿಯುತ್ತೆ. ಅಷ್ಟು ಹೊತ್ತು ಕೊಲ್ಲಲು ನಿಂತಿದ್ದ ನೀರೇ ಆಗ ಬೀಗ ಹಾಕಿಕೊಡುತ್ತೆ. ಆಮೇಲೆ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಆಚೆಗೆ ದಾಟಿಸಬಹುದು.

ನನ್ನಂಥ ಸಾಫ್ಟ್‌ವೇರ್‌ನವನಿಗೆ ಇದು ತಕ್ಷಣ ಅರ್ಥವಾಗುವ ವಿಷಯ. ಇಂಟರ್‌ಫೇಸ್ ಒಂದೇ ಇದ್ದರೆ ಯಾರು ಬರೆದ ಪ್ರೋಗ್ರಾಂ ಯಾವುದರ ಜೊತೆ ಬೇಕಾದರೂ ಮಾತಾಡುತ್ತೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತಂತ್ರಜ್ಞಾನಕ್ಕಿಂತ ಅದರ ಹಿಂದಿನ ತೀರ್ಮಾನ. ಯಾವುದೋ ಒಂದು ಹಡಗುಕಟ್ಟೆಯಲ್ಲಿ, ಅಪಾಯ ಇನ್ನೂ ಕನಸಲ್ಲೂ ಇಲ್ಲದ ಹೊತ್ತಲ್ಲಿ, ಒಬ್ಬ ವಿನ್ಯಾಸಕಾರ ಒಪ್ಪಿಕೊಂಡಿದ್ದಾನೆ: ಇದು ಒಂದು ದಿನ ಮುಳುಗಬಹುದು, ಆವತ್ತು ನಮ್ಮವರು ಬರಲಾಗದೆ ಹೋಗಬಹುದು, ಬರುವವರು ಬೇರೆ ದೇಶದವರಾಗಿರಬಹುದು, ಹಾಗಾಗಿ ಬಾಗಿಲಿನ ಅಳತೆ ಅವರಿಗೂ ಹೊಂದಲಿ.

ಪ್ರಶ್ನೆ ಇರೋದು ಇಲ್ಲೇ. ನಾಳೆ ನನ್ನ ಶತ್ರು ಆಗಬಹುದಾದವನ ಮುಂದೆ ಇವತ್ತು ನೆರವಿಗೆ ಕೈ ಚಾಚಬಹುದಾ? ಚಾಚಲೇಬೇಕಾ?

2000ನೇ ಇಸವಿಯ ಆಗಸ್ಟ್ 12ರಂದು ರಷ್ಯಾದ ಕರ್ಸ್ಕ್ ಸಬ್‌ಮರೀನ್ ಬ್ಯಾರೆಂಟ್ಸ್ ಸಮುದ್ರದಲ್ಲಿ ಮುಳುಗಿತು. ಯುದ್ಧದಲ್ಲಲ್ಲ, ಅವರದೇ ನೌಕಾಪಡೆಯ ಅಭ್ಯಾಸದಲ್ಲಿ. ಟಾರ್ಪಿಡೋ ಕೋಣೆಯಲ್ಲಿ ಸ್ಫೋಟ ಆಯಿತು, ಎರಡು ನಿಮಿಷದ ಮೇಲೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಇನ್ನೊಂದು. ಒಳಗಿದ್ದವರು 118 ಜನ. ಅವರಲ್ಲಿ 23 ಜನ ಹಿಂಬದಿಯ ಒಂಬತ್ತನೇ ಕೋಣೆಗೆ ಸೇರಿಕೊಂಡರು. ಅವರಲ್ಲಿದ್ದ ಅಧಿಕಾರಿ ಡಿಮಿಟ್ರಿ ಕೊಲೆಸ್ನಿಕೋವ್ ಕತ್ತಲಲ್ಲಿ ಚೀಟಿ ಬರೆದಿಟ್ಟಿದ್ದರು. ಬದುಕಿದ್ದವರ ವಿಷಯ ಜಗತ್ತಿಗೆ ಖಚಿತವಾಗಿ ತಿಳಿದಿದ್ದು, ಎರಡು ತಿಂಗಳ ಮೇಲೆ ಅವರ ದೇಹದ ಜೊತೆ ಆ ಚೀಟಿ ಸಿಕ್ಕಾಗ.

ಸಬ್‌ಮರೀನ್ ಇದ್ದದ್ದು ಬರೀ 108 ಮೀಟರ್ ಆಳದಲ್ಲಿ. ಕರ್ಸ್ಕ್‌ನ ಉದ್ದವೇ ಅದಕ್ಕಿಂತ ಜಾಸ್ತಿ, 150 ಮೀಟರಿಗೂ ಮೇಲೆ. ರಷ್ಯಾದ ರಕ್ಷಣಾ ನೌಕೆಗಳು ಮತ್ತೆ ಮತ್ತೆ ಇಳಿದವು, ಹ್ಯಾಚಿನ ಮೇಲೆ ಕೂರಲು ಆಗಲಿಲ್ಲ. ಬ್ರಿಟನ್, ನಾರ್ವೆ ಮೊದಲೇ ನೆರವು ಕೊಡ್ತೀವಿ ಅಂದಿದ್ದವು. ಮಾಸ್ಕೋ ಒಪ್ಪಿದ್ದು ಆಗಸ್ಟ್ 16ಕ್ಕೆ. 21ನೇ ತಾರೀಖು ನಾರ್ವೆಯ ಡೈವರ್‌ಗಳು ಹ್ಯಾಚ್ ತೆಗೆದರು. ಒಳಗೆ ನೀರು ತುಂಬಿತ್ತು.

ಆ ನಾಲ್ಕು ದಿನದ ಬಗ್ಗೆ ಇವತ್ತಿಗೂ ಜಗಳ ಇದೆ. ಅಧಿಕೃತ ತನಿಖೆ ಹೇಳಿದ ಪ್ರಕಾರ ಆ 23 ಜನ ಸುಮಾರು ಎಂಟು ಗಂಟೆಯೊಳಗೇ ತೀರಿಹೋಗಿದ್ದರು. ಹಾಗಾದರೆ ಮೊದಲ ದಿನವೇ ಬನ್ನಿ ಅಂದಿದ್ದರೂ ಯಾರೂ ಉಳೀತಿರಲಿಲ್ಲ, ಮತ್ತೆ ತಡ ಮಾಡಿದ್ದು ತಪ್ಪು ಹೇಗಾಗುತ್ತೆ ಅಂತ ಕೇಳುವವರಿದ್ದಾರೆ.

ಈ ವಾದ ಕೇಳಲು ಸರಿಯಾಗೇ ಕಾಣುತ್ತೆ. ಆದರೆ ಇದರಲ್ಲಿ ಒಂದು ಪೊಳ್ಳಿದೆ. ಆ ನಾಲ್ಕು ದಿನ ಮೇಲೆ ಕೂತಿದ್ದ ಯಾರಿಗೂ ಒಳಗಿನವರು ಸತ್ತಿದ್ದಾರೆ ಅಂತ ಖಚಿತವಾಗಿ ಗೊತ್ತಿರಲಿಲ್ಲ. ಬದುಕಿರಬಹುದು ಅಂತ ತಾನೇ ಅವರ ನೌಕೆಗಳೂ ಮತ್ತೆ ಮತ್ತೆ ಇಳಿಯುತ್ತಿದ್ದದ್ದು? ಒಂದು ತೀರ್ಮಾನವನ್ನು ತೂಗಬೇಕಾದ್ದು ಆ ಗಳಿಗೆಯಲ್ಲಿ ಏನು ಗೊತ್ತಿತ್ತೋ ಅದರ ಮೇಲೆ. ಬಾಗಿಲು ಬಡಿದರೂ ತೆಗೆಯದ ಮನೆಯವನು, ಹೊರಗೆ ನಿಂತಿದ್ದವನಿಗೆ ಹೇಗೂ ವಾಸಿಯಾಗದ ಕಾಯಿಲೆ ಇತ್ತು ಅಂತ ಆಮೇಲೆ ಗೊತ್ತಾದರೆ, ಅಷ್ಟರಿಂದಲೇ ಒಳ್ಳೆಯವನಾಗಿಬಿಡಲ್ಲ. ತಡದಿಂದ ಜೀವ ಹೋಗದೇ ಇರಬಹುದು, ತಡ ತಡವೇ.

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಗುಟ್ಟು ಅಂದರೆ ಬರೀ ಒಣ ಜಂಬ ಅಲ್ಲ. ಒಂದು ಸಬ್‌ಮರೀನಿನ ರಹಸ್ಯ ಬಯಲಾದರೆ ಅದೇ ನಮೂನೆಯ ಬೇರೆ ಸಬ್‌ಮರೀನ್‌ಗಳಲ್ಲಿರುವ ನೂರಾರು ಜನ ಅಪಾಯಕ್ಕೆ ಸಿಕ್ಕಬಹುದು. ಅವರೂ ಮನುಷ್ಯರೇ. ಕಣ್ಣೆದುರು ಸಾಯುತ್ತಿರುವ 23 ಜನ ಒಂದು ಕಡೆ, ಮುಂದೆಂದೋ ಸಾಯಬಹುದಾದ ಲೆಕ್ಕಕ್ಕೆ ಸಿಗದವರು ಇನ್ನೊಂದು ಕಡೆ. ಅಧಿಕಾರದಲ್ಲಿರುವವನು ಈ ತಕ್ಕಡಿಯನ್ನು ಹಿಡಿಯಲೇಬೇಕಾಗುತ್ತೆ. ಆದರೆ ಅದರಲ್ಲಿ ಇಡುವ ತೂಕದ ಕಲ್ಲುಗಳಲ್ಲಿ ಮರ್ಯಾದೆಯ ಕಲ್ಲೂ ಸದ್ದಿಲ್ಲದೆ ಸೇರಿಕೊಂಡುಬಿಡುತ್ತೆ. 'ಅವರ ಮುಂದೆ ನಾವು ಕೈ ಚಾಚೋದಾ' ಅನ್ನುವ ಮಾತಿಗೆ 'ದೇಶದ ಭದ್ರತೆ' ಅನ್ನುವ ಬಟ್ಟೆ ತೊಡಿಸೋದು ಬಹಳ ಸುಲಭ. ತೊಡಿಸಿದವನಿಗೇ ಎಷ್ಟೋ ಸಲ ವ್ಯತ್ಯಾಸ ಗೊತ್ತಾಗಲ್ಲ.

ಐದು ವರ್ಷ ಮುಂದಕ್ಕೆ ಬನ್ನಿ. 2005ರ ಆಗಸ್ಟ್ 4. ಕಮ್ಚಾಟ್ಕಾ ಕರಾವಳಿಯ ಹತ್ತಿರ, ಸುಮಾರು 190 ಮೀಟರ್ ಆಳದಲ್ಲಿ, ರಷ್ಯಾದ ಎಎಸ್-28 ಎಂಬ ಪುಟ್ಟ ನೌಕೆ ಬಲೆ, ಕೇಬಲ್ಲುಗಳಿಗೆ ಸಿಕ್ಕಿಹಾಕಿಕೊಂಡಿತು. ಒಳಗೆ ಏಳು ಜನ. ಇದೂ ಮುಳುಗಿದವರನ್ನು ಕಾಪಾಡಲೆಂದೇ ಕಟ್ಟಿದ ನೌಕೆ. ಕರ್ಸ್ಕ್‌ನ ಹ್ಯಾಚಿನ ಮೇಲೆ ಕೂರಲಾಗದೆ ಒದ್ದಾಡಿದ್ದು ಇದೇ ಪ್ರಿಜ್ ವರ್ಗದ ಇನ್ನೊಂದು.

ಈ ಸಲ ಮಾಸ್ಕೋ ಮರುದಿನವೇ ನೆರವು ಕೇಳಿತು. ಅಮೆರಿಕ, ಬ್ರಿಟನ್, ಜಪಾನ್ ಮೂರೂ ಹೊರಟವು. ಬ್ರಿಟನ್ನಿನವರು ಸ್ಕಾರ್ಪಿಯೋ ಎಂಬ ರಿಮೋಟ್ ಯಂತ್ರವನ್ನು ದೊಡ್ಡ ಸಿ-17 ವಿಮಾನಕ್ಕೆ ಹಾಕಿಕೊಂಡು ಪೆಟ್ರೊಪಾವ್ಲೊವ್ಸ್ಕ್-ಕಮ್ಚಾಟ್ಸ್ಕಿಗೆ ಬಂದಿಳಿದರು. ಅಲ್ಲಿಂದ ರಷ್ಯಾದ ಹಡಗೇರಿ, ಯಂತ್ರ ಇಳಿಸಿ, ಕೇಬಲ್ಲುಗಳನ್ನು ಒಂದೊಂದಾಗಿ ಕತ್ತರಿಸಿದರು. ಆಗಸ್ಟ್ 7ರಂದು ಎಎಸ್-28 ಮೇಲೆ ಬಂತು. ಒಳಗೆ ಇನ್ನು ಕೆಲವೇ ಗಂಟೆಗಳ ಗಾಳಿ ಉಳಿದಿತ್ತು. ಏಳೂ ಜನ ತಾವೇ ಹ್ಯಾಚ್ ತೆಗೆದು ಹೊರಬಂದರು.

ಇದರಲ್ಲಿ ಒಂದು ವಿವರ ನನಗೆ ಬಹಳ ಮುಖ್ಯ. ಆ ನೌಕೆ ಸಿಕ್ಕಿಕೊಂಡಿದ್ದು ಬರೀ ಮೀನಿನ ಬಲೆಗಲ್ಲ. ರಷ್ಯಾ ತನ್ನ ಕರಾವಳಿ ಕಾಯಲು ನೀರಿನಡಿ ಹಾಕಿದ್ದ ಕಣ್ಗಾವಲು ಆಂಟೆನಾಕ್ಕೂ ಸಿಕ್ಕಿಕೊಂಡಿತ್ತು. ಅಂದರೆ ಗುಟ್ಟು ನಿಜವಾಗಲೂ ಇತ್ತು. ಅದರ ಮುಂದೆ ನ್ಯಾಟೋ ದೇಶದವರ ಕ್ಯಾಮೆರಾವನ್ನು ಕೈಯಾರೆ ಇಳಿಸಿ, ಏಳು ಜನರನ್ನು ಮೇಲೆ ತಂದರು. ತಕ್ಕಡಿ ಅದೇ, ಹಿಡಿದ ದೇಶವೂ ಅದೇ, ಈ ಸಲ ಬೇರೆ ಕಡೆ ವಾಲಿತು.

ಐದು ವರ್ಷದಲ್ಲಿ ಏನು ಬದಲಾಗಿತ್ತು? ಕರ್ಸ್ಕ್‌ನ ನೋವು, ದೇಶದೊಳಗೆ ಎದ್ದ ಸಿಟ್ಟು, ಅವು ಇದ್ದೇ ಇದ್ದವು. ಅದರ ಜೊತೆಗೆ, ಯಾರ ಕಣ್ಣಿಗೂ ಬೀಳದ ಇನ್ನೊಂದು ಕೆಲಸವೂ ನಡೆದಿತ್ತು. 2003ರಲ್ಲಿ ನ್ಯಾಟೋ ಮತ್ತು ರಷ್ಯಾ ಸಬ್‌ಮರೀನ್ ಸಿಬ್ಬಂದಿಯ ರಕ್ಷಣೆ ಬಗ್ಗೆ ಒಪ್ಪಂದ ಮಾಡಿಕೊಂಡವು. ಅದೇ ಹೊತ್ತಿಗೆ ಇಸ್ಮರ್ಲೋ ಎಂಬ ಅಂತಾರಾಷ್ಟ್ರೀಯ ಕಚೇರಿ ಶುರುವಾಯಿತು. ಯಾರ ಹತ್ತಿರ ಯಾವ ರಕ್ಷಣಾ ಉಪಕರಣ ಇದೆ, ಅವಘಡ ಆದಾಗ ಯಾರು ಬೇಗ ತಲುಪಬಹುದು ಅಂತ ಜೋಡಿಸಿಕೊಡೋದು ಅದರ ಕೆಲಸ. 2005ರ ಜೂನ್‌ನಲ್ಲಿ, ಅಂದರೆ ಎಎಸ್-28 ಸಿಕ್ಕಿಹಾಕಿಕೊಳ್ಳುವ ಎರಡೇ ತಿಂಗಳ ಮುಂಚೆ, ಇಟಲಿಯ ಟಾರಾಂಟೋ ಕೊಲ್ಲಿಯಲ್ಲಿ 'ಸಾರ್ಬೆಟ್ ರಾಯಲ್' ಎಂಬ ಸಬ್‌ಮರೀನ್ ರಕ್ಷಣಾ ಅಭ್ಯಾಸ ನಡೆಯಿತು. ರಷ್ಯಾವೂ ಅದರಲ್ಲಿತ್ತು.

ಇಲ್ಲಿ ನಮ್ಮ ಸಾಮಾನ್ಯ ನಂಬಿಕೆ ತಲೆಕೆಳಗಾಗುತ್ತೆ. ಮೊದಲು ನಂಬಿಕೆ ಹುಟ್ಟಬೇಕು, ಆಮೇಲೆ ಒಟ್ಟಿಗೆ ಕೆಲಸ ಮಾಡಬಹುದು ಅಂತ ನಾವು ಅಂದುಕೊಂಡಿರ್ತೀವಿ. ಇಲ್ಲಿ ಯಾರೂ ಯಾರನ್ನೂ ಪೂರ್ತಿ ನಂಬಿರಲಿಲ್ಲ. ಮೊದಲು ಕೆಲಸ ಮಾಡಿದರು, ಅದೂ ಸಣ್ಣ ಸಣ್ಣ ಕೆಲಸ. ಹಗ್ಗ ಯಾರು ಹಿಡಿಯೋದು, ರೇಡಿಯೋದಲ್ಲಿ ಯಾವ ಪದ ಬಳಸೋದು, ಯಾರ ಆಜ್ಞೆ ಎಲ್ಲಿಗೆ ಮುಗಿಯುತ್ತೆ. ಮನಸ್ಸು ಇನ್ನೂ ಅನುಮಾನದಲ್ಲಿದ್ದರೂ ಕೈಗಳಿಗೆ ಅಭ್ಯಾಸ ಆಗಿತ್ತು. ಕಷ್ಟ ಬಂದಾಗ ಕೆಲಸಕ್ಕೆ ಬಂದದ್ದು ಅದು.

'ಇದೆಲ್ಲಾ ಸರಿ ಗುರು, ಆದ್ರೆ ಈ ಜಂಟಿ ಸಮರಾಭ್ಯಾಸ ಅಂದ್ರೆ ಅರ್ಧಕ್ಕರ್ಧ ಮೀಸೆ ತಿರುವೋದೇ ಅಲ್ವಾ?' ಅಂತ ನೀವು ಕೇಳಬಹುದು. ನಿಜ. 1992ರಲ್ಲಿ ಭಾರತ–ಅಮೆರಿಕ ನಡುವೆ ಶುರುವಾದ ಮಲಬಾರ್ ಅಭ್ಯಾಸಕ್ಕೆ ಜಪಾನ್, ಆಸ್ಟ್ರೇಲಿಯಾ ಸೇರಿಕೊಂಡಿದ್ದನ್ನು ಚೀನಾ ಹೇಗೆ ಓದುತ್ತೆ ಅಂತ ಎಲ್ಲರಿಗೂ ಗೊತ್ತು. ಹವಾಯಿಯ ಹತ್ತಿರ ಅಮೆರಿಕ ನಡೆಸುವ ರಿಮ್‌ಪ್ಯಾಕ್‌ಗೆ 2014, 2016ರಲ್ಲಿ ಚೀನಾದ ಹಡಗುಗಳೂ ಬಂದಿದ್ದವು. 2018ರಲ್ಲಿ ಕರೆಯೋಲೆ ವಾಪಸ್ ಆಯಿತು. ಯಾರನ್ನು ಕರೀತಾರೆ, ಯಾರನ್ನು ಬಿಡ್ತಾರೆ ಅನ್ನೋದೇ ಒಂದು ರಾಜಕೀಯ. ರಷ್ಯಾ–ನ್ಯಾಟೋ ನಡುವಿನ ಆ ಕೆಲಸವೂ 2014ರಲ್ಲಿ ಕ್ರೈಮಿಯಾ ವಿಷಯಕ್ಕೆ ನಿಂತಿತು. ಒಟ್ಟಿಗೆ ತಾಲೀಮು ಮಾಡಿದವರು ಜಗಳ ಆಡಲ್ಲ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ.

ಹಾಗಾದರೆ ತಾಲೀಮು ಯುದ್ಧ ತಡೆಯಿತೋ ಇಲ್ಲವೋ ಅನ್ನೋದರ ಜೊತೆಗೆ ಇನ್ನೊಂದನ್ನೂ ಕೇಳಬೇಕು. ಜಗಳ ನಡೆಯುತ್ತಿರುವಾಗಲೂ ತೆರೆದಿರುವ ಒಂದು ಬಾಗಿಲನ್ನು ಅದು ಉಳಿಸುತ್ತಾ?

ಇದಕ್ಕೆ ದೂರದ ಉದಾಹರಣೆ ಬೇಡ, ಅರಬ್ಬೀ ಸಮುದ್ರವೇ ಸಾಕು. 2024ರ ಡಿಸೆಂಬರ್ ಮೊದಲ ವಾರ ಗುಜರಾತಿನ ಪೋರಬಂದರಿನಿಂದ ಇರಾನಿನ ಬಂದರ್ ಅಬ್ಬಾಸ್‌ಗೆ ಹೊರಟಿದ್ದ ಅಲ್ ಪಿರಾನ್‌ಪೀರ್ ಎಂಬ ಸರಕು ಹಡಗು ಒಳಗೆ ನೀರು ನುಗ್ಗಿ ಮುಳುಗಿತು. 12 ಭಾರತೀಯರು ಪುಟ್ಟ ದೋಣಿಯೊಂದಕ್ಕೆ ಇಳಿದಿದ್ದರು. ಜಾಗ ಇದ್ದದ್ದು ಪಾಕಿಸ್ತಾನದ ಶೋಧ–ರಕ್ಷಣಾ ವಲಯದಲ್ಲಿ. ಮುಂಬಯಿಯ ರಕ್ಷಣಾ ಕೇಂದ್ರಕ್ಕೆ ಸುದ್ದಿ ಬಂತು, ಅದು ಪಾಕಿಸ್ತಾನದ ಕೇಂದ್ರಕ್ಕೆ ತಿಳಿಸಿತು. ಅವರ ವಿಮಾನ ಹುಡುಕಿತು, ನಮ್ಮ ಕೋಸ್ಟ್ ಗಾರ್ಡ್ ಹಡಗು ಸಾರ್ಥಕ್ ಹೋಗಿ 12 ಜನರನ್ನೂ ಎತ್ತಿಕೊಂಡು ಬಂತು. ಎರಡು ದೇಶಗಳು ಒಂದು ಕ್ರಿಕೆಟ್ ಸರಣಿ ಆಡಲೂ ಒಪ್ಪದ ಕಾಲ ಅದು.

ಅದೇ ವರ್ಷ ಮಾರ್ಚ್‌ನಲ್ಲಿ ಭಾರತದ ನೌಕಾಪಡೆ ಅಲ್-ಕಂಬರ್ ಎಂಬ ಇರಾನಿ ಮೀನುಗಾರಿಕೆ ಹಡಗನ್ನು ಕಡಲ್ಗಳ್ಳರಿಂದ ಬಿಡಿಸಿತ್ತು. ಅದರಲ್ಲಿದ್ದ 23 ಜನರೂ ಪಾಕಿಸ್ತಾನಿಗಳು. ಬಿಡಿಸಿದ ಮೇಲೆ ಅವರ ಆರೋಗ್ಯ ತಪಾಸಣೆ ಮಾಡಿ, ಹಡಗು ಸರಿಯಿದೆಯಾ ನೋಡಿ, ಮೀನು ಹಿಡಿಯಲು ಕಳಿಸಿಕೊಟ್ಟರು.

ಇಲ್ಲೊಂದು ಸ್ವಾರಸ್ಯ ನೋಡಿ. 1979ರಲ್ಲಿ ಹ್ಯಾಂಬರ್ಗ್‌ನಲ್ಲಿ ಆದ ಒಪ್ಪಂದದ ನಂತರ ಜಗತ್ತಿನ ಸಮುದ್ರವನ್ನೆಲ್ಲ ಶೋಧ–ರಕ್ಷಣಾ ವಲಯಗಳಾಗಿ ಹಂಚಿಕೊಂಡಿದ್ದಾರೆ. ಈ ಗೆರೆಗಳಿಗೂ ದೇಶದ ಗಡಿಗೂ ಸಂಬಂಧ ಇಲ್ಲ ಅಂತ ಒಪ್ಪಂದವೇ ಹೇಳುತ್ತೆ. ಅಂದರೆ ಅದೇ ನೀರಿನ ಮೇಲೆ ಎರಡು ನಮೂನೆಯ ಗೆರೆಗಳಿವೆ. ಒಂದು, ಇದು ನಂದು ಅನ್ನುತ್ತೆ. ಇನ್ನೊಂದು, ಇಲ್ಲಿ ಯಾರಾದರೂ ಮುಳುಗಿದರೆ ಹೊಣೆ ನಂದು ಅನ್ನುತ್ತೆ. ಮೊದಲನೇ ಗೆರೆಗಾಗಿ ನಾವು ಎಷ್ಟು ಹಾಡು, ಸಿನಿಮಾ ಮಾಡಿದ್ದೀವಿ! ಎರಡನೆಯದು ಇದೆ ಅಂತಲೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಹಾಗಂತ ಮೊದಲನೇ ಗೆರೆ ಅಳಿಸಿಹೋಗಿಲ್ಲ. ಕಛ್‌ನ ಸರ್ ಕ್ರೀಕ್ ಹತ್ತಿರ ಗೊತ್ತಿಲ್ಲದೆ ಗಡಿ ದಾಟಿದ ಗುಜರಾತಿನ ಮೀನುಗಾರ ಕರಾಚಿಯ ಜೈಲಿನಲ್ಲಿ ವರ್ಷಗಟ್ಟಲೆ ಕೊಳೀತಾನೆ, ಅಲ್ಲಿಯವನು ನಮ್ಮ ಜೈಲಿನಲ್ಲಿ. ಅದೇ ಮನುಷ್ಯ ಮುಳುಗುತ್ತಿದ್ದರೆ ಎರಡೂ ಕಡೆಯವರು ಹಡಗು ಬಿಡ್ತಾರೆ, ಬರೀ ಬಲೆ ಬೀಸುತ್ತಿದ್ದರೆ ಹಿಡಿದು ಒಳಗೆ ಹಾಕ್ತಾರೆ. ಸಾಯುವವನ ಬಗ್ಗೆ ನಮಗಿರುವ ಕರುಣೆ ಬದುಕುವವನ ಬಗ್ಗೆ ಯಾಕಿಲ್ಲ? ಸಮುದ್ರದ ನೀತಿ ಕಾಪಾಡಿ ದಡ ಮುಟ್ಟಿಸುವ ತನಕ ಬರುತ್ತೆ. ದಡದ ಮೇಲಿನ ನೀತಿಯನ್ನು ನಾವೇ ಹುಡುಕಿಕೊಳ್ಳಬೇಕು, ಇನ್ನೂ ಹುಡುಕಿಲ್ಲ.

ಸಮುದ್ರದ ನೀತಿಯಂತೂ ಹಳೆಯದು. 1910ರ ಬ್ರಸೆಲ್ಸ್ ಒಪ್ಪಂದದಲ್ಲೇ ಒಂದು ಮಾತಿದೆ. ತನ್ನ ಹಡಗಿಗೂ ಜನಕ್ಕೂ ಗಂಭೀರ ಅಪಾಯ ಇಲ್ಲ ಅನ್ನುವಷ್ಟರ ಮಟ್ಟಿಗೆ, ಸಮುದ್ರದಲ್ಲಿ ಜೀವಾಪಾಯದಲ್ಲಿ ಸಿಕ್ಕ ಯಾರಿಗೇ ಆಗಲಿ, ಅವನು ಶತ್ರುವೇ ಆದರೂ, ಕ್ಯಾಪ್ಟನ್ ನೆರವಾಗಬೇಕು ಅಂತ. ಅದಾದ ನಾಲ್ಕೇ ವರ್ಷಕ್ಕೆ ಮಹಾಯುದ್ಧ ಶುರುವಾಗಿ, ಆ ಮಾತಿಗೆ ಸಹಿ ಹಾಕಿದವರೇ ಒಬ್ಬರ ಹಡಗನ್ನು ಇನ್ನೊಬ್ಬರು ಮುಳುಗಿಸಿದರು. ಆದರೂ ನಿಯಮ ಸಾಯಲಿಲ್ಲ. ಇವತ್ತಿನ ಸಮುದ್ರ ಕಾನೂನಿನಲ್ಲೂ ನೆರವಿನ ಕರ್ತವ್ಯ ಹಾಗೇ ಇದೆ.

ನಮ್ಮ ಹಳ್ಳಿ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಮ್ಮ ಗದ್ದೆ ನಾಟಿಗೆ ನೀವು ಬಂದರೆ ನಾಳೆ ನಿಮ್ಮ ಗದ್ದೆಗೆ ನಾವು. ಅದರಲ್ಲಿ ಲೆಕ್ಕ ಇದೆ, ಮರೆತರೆ ಮಾತು ಬರುತ್ತೆ. ಆದರೆ ಬಣವೆಗೆ ಬೆಂಕಿ ಬಿದ್ದರೆ ಲೆಕ್ಕ ಇಲ್ಲ. ಬದುವಿನ ಜಗಳಕ್ಕೆ ಕೋರ್ಟು ಹತ್ತಿ ಮಾತು ಬಿಟ್ಟವನೂ ಕೊಡ ಹಿಡಿದು ಓಡಿ ಬರ್ತಾನೆ. ಬೆಂಕಿ ಆರಿದ ಮೇಲೆ ಮತ್ತೆ ಮಾತಿಲ್ಲ, ಕೇಸು ಹಾಗೇ ಮುಂದುವರಿಯುತ್ತೆ. ಯಾರ ಮನೆಯಲ್ಲಿ ಉದ್ದದ ಹಗ್ಗ ಇದೆ, ಯಾರ ಪಂಪ್‌ಸೆಟ್ಟು ಹತ್ತಿರ, ಎಲ್ಲರಿಗೂ ಗೊತ್ತು. ಅಕ್ಕಪಕ್ಕ ಬದುಕೋದೇ ಅವರಿಗೆ ತಾಲೀಮು. ಸಮುದ್ರದಲ್ಲಿ ಅಕ್ಕಪಕ್ಕ ಅನ್ನೋದಿಲ್ಲ. ಅಲ್ಲಿ ಭೇಟಿಯಾಗುವವರು ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದವರು. ಹಾಗಾಗಿ ದಿನ ಗೊತ್ತು ಮಾಡಿಕೊಂಡು, ಖರ್ಚು ಹಾಕಿ, ಪರಿಚಯ ಮಾಡಿಕೊಳ್ಳಬೇಕಾಗುತ್ತೆ. ಭಾರತ 1995ರಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಇಂಡೋನೇಷ್ಯಾ, ಸಿಂಗಪುರ, ಶ್ರೀಲಂಕಾ, ಥಾಯ್ಲೆಂಡ್ ಜೊತೆ 'ಮಿಲನ್' ಶುರು ಮಾಡಿದಾಗ ಬಂದವರು ಈ ನಾಲ್ಕೇ ದೇಶದವರು. 2024ರಲ್ಲಿ ವಿಶಾಖಪಟ್ಟಣದ ಮಿಲನ್‌ಗೆ ಸುಮಾರು 50 ದೇಶಗಳು ಬಂದಿದ್ದವು.

ಇಷ್ಟೆಲ್ಲ ಮಾಡಿದರೂ ಜೀವ ಉಳಿಯುತ್ತೆ ಅನ್ನುವ ಗ್ಯಾರಂಟಿ ಇಲ್ಲ. 2021ರ ಏಪ್ರಿಲ್ 21ರಂದು ಬಾಲಿಯ ಉತ್ತರಕ್ಕೆ ಇಂಡೋನೇಷ್ಯಾದ ನಂಗಾಲಾ ಸಬ್‌ಮರೀನ್ 53 ಜನರೊಂದಿಗೆ ಕಾಣೆಯಾಯಿತು. ಇಂಡೋನೇಷ್ಯಾ ಕೂಡಲೇ ನೆರವು ಕೇಳಿತು. ಸಿಂಗಪುರ, ಮಲೇಷ್ಯಾ, ಆಸ್ಟ್ರೇಲಿಯಾ, ಅಮೆರಿಕ ಹೊರಟವು. ಮರುದಿನವೇ ವಿಶಾಖಪಟ್ಟಣದಿಂದ ನಮ್ಮ ನೌಕಾಪಡೆಯ ಆಳಸಮುದ್ರ ರಕ್ಷಣಾ ನೌಕೆಯೂ ಹೊರಟಿತು. ಅದು ಇನ್ನೂ ದಾರಿಯಲ್ಲಿರುವಾಗಲೇ, 25ನೇ ತಾರೀಖು, ಸುದ್ದಿ ಖಚಿತವಾಯಿತು. ನಂಗಾಲಾ 838 ಮೀಟರ್ ಆಳದಲ್ಲಿ ಮೂರು ತುಂಡಾಗಿ ಬಿದ್ದಿತ್ತು. ಅಷ್ಟು ಆಳದಲ್ಲಿ ಯಾವ ಉಂಗುರದ ಅಳತೆಯೂ ಉಪಯೋಗಕ್ಕೆ ಬರಲ್ಲ.

ಕರ್ಸ್ಕ್ ಮತ್ತು ನಂಗಾಲಾ, ಎರಡರಲ್ಲೂ ಒಬ್ಬರೂ ಉಳಿಯಲಿಲ್ಲ. ಫಲಿತಾಂಶ ಒಂದೇ ಆದರೂ ಎರಡೂ ಒಂದೇ ಅಂತ ನನಗೆ ಅನಿಸಲ್ಲ. ನಂಗಾಲಾದಲ್ಲಿದ್ದವರ ಮನೆಯವರಿಗೆ ದುಃಖ ಇದೆ. ಕರ್ಸ್ಕ್‌ನವರ ಮನೆಯವರಿಗೆ ದುಃಖದ ಜೊತೆ ಒಂದು ಪ್ರಶ್ನೆಯೂ ಇದೆ, ಮೊದಲ ದಿನವೇ ಕೇಳಿದ್ದರೆ ಏನಾಗ್ತಿತ್ತು ಅಂತ. ತನಿಖೆಯ ಯಾವ ವರದಿಯೂ ಆ ಪ್ರಶ್ನೆಯನ್ನು ಅವರ ಮನೆಯಿಂದ ಹೊರಗೆ ಕಳಿಸಲಾರದು.

ನೆರವು ಕೊಡುವುದನ್ನು ದೊಡ್ಡ ಗುಣ ಅಂತ ನಮ್ಮ ಕಥೆಗಳೆಲ್ಲ ಹೇಳಿಕೊಟ್ಟಿವೆ. ಕೇಳುವುದನ್ನು ಯಾರೂ ಗುಣ ಅಂತ ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ಆಫೀಸುಗಳಲ್ಲೇ ನೋಡಿ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ, ಮೇಲಿನವರನ್ನು ಎಬ್ಬಿಸಿದರೆ ಏನಂದ್ಕೋತಾರೋ ಅಂತ ಹೊಸ ಹುಡುಗ ಒಬ್ಬನೇ ಒಂದೂವರೆ ಗಂಟೆ ಒದ್ದಾಡ್ತಾನೆ. ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಫೋನ್ ನಂಬರ್ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಎದೆನೋವು ಬಂದ ರಾತ್ರಿ ಪರಿಚಯ ಮಾಡಿಕೊಳ್ಳಲು ಆಗಲ್ಲ. ಕೇಳೋದಕ್ಕೂ ಮೊದಲೇ ಅಭ್ಯಾಸ ಬೇಕು, ಏನೂ ಆಗದೆ ಇರುವ ದಿನಗಳಲ್ಲಿ.

ನನ್ನ ಪ್ರಶ್ನೆಗೆ ನನಗೆ ಸಿಕ್ಕಿರುವ ಉತ್ತರ ಇಷ್ಟು. ನಾಳೆ ಶತ್ರು ಆಗಬಹುದಾದವನ ಮುಂದೆ ಕೈ ಚಾಚಬಹುದು. ಒಳಗೆ ನಮ್ಮನ್ನು ನಂಬಿ ಕೂತ ಜನ ಇದ್ದರೆ ಚಾಚಲೇಬೇಕು. ಅವರ ಜೀವದ ಮುಂದೆ ನಮ್ಮ ಮರ್ಯಾದೆಗೆ ತಕ್ಕಡಿಯಲ್ಲಿ ಜಾಗ ಇಲ್ಲ, ಗುಟ್ಟಿಗೆ ಇದೆ, ಅದೂ ಅದರ ನಿಜವಾದ ತೂಕದಷ್ಟೇ. ಆ ತೂಕ ಎಷ್ಟು ಅಂತ ಮುಳುಗುತ್ತಿರುವ ಗಳಿಗೆಯಲ್ಲಿ ಕೂತು ಅಳೆಯೋಕಾಗಲ್ಲ. ಅದಕ್ಕೇ ಸಬ್‌ಮರೀನ್ ಇನ್ನೂ ನೀರಿಗೆ ಇಳಿಯುವ ಮುಂಚೆಯೇ ಹ್ಯಾಚಿನ ಸುತ್ತ ಆ ಉಂಗುರ ಕೂರಿಸ್ತಾರೆ.